ಹಗಲಲ್ಲಿ ನೋಡಿದ ತೋಟ

ಆಂಡರ್ಸನ್‌ಪೇಟೆ, ಕೆ.ಜಿ.ಎಫ್.
30 ಜೂನ್ 2024

ಭಾನು,

ವಿಳಾಸ ನಿಮ್ಮಮ್ಮ ಕೊಟ್ಟಳು. ಫೋನ್ ಮಾಡೋಣ ಅಂದ್ರೆ ನೀನಿರೋ ಕಾಡಿನ ಕ್ಯಾಂಪಲ್ಲಿ ಸಿಗ್ನಲ್ ಇಲ್ಲ, ನನಗೆ ಕಿವಿ ಇಲ್ಲ. ಗಣಿಯಲ್ಲಿ ಹದಿನಾರು ವರ್ಷ ಡ್ರಿಲ್ ಹಿಡಿದಿದ್ದಕ್ಕೆ ಹೋದ ಕಿವಿ. ಅದಕ್ಕೇ ಕಾಗದ.

ನನ್ನ ಕೆಲಸ ಮುಗೀತು. ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ವಯಸ್ಸಾಯ್ತು ಅಂತ ಮೇ ತಿಂಗಳ ಕೊನೇ ದಿನ ಒಂದು ಶಾಲು ಹೊದಿಸಿ ಕಳಿಸಿದ್ರು. ಮಾರನೇ ದಿನ ಕತ್ತಲಲ್ಲೇ ಎದ್ದು, ಸ್ನಾನ ಮಾಡಿ, ಬುತ್ತಿ ಎಲ್ಲಿ ಅಂತ ಕೇಳಿದೆ. ಇಪ್ಪತ್ಮೂರು ವರ್ಷ ಬೆಳಗಿನ ಗಾಡಿ ಹತ್ತಿದೋನು ನಾನು. ನಿಮ್ಮಮ್ಮ ನಕ್ಕು, "ಇವತ್ತೆಲ್ಲಿಗೆ ಓಗೋದು? ಒರಗೆ ಓಗಿ ಕೂತ್ಕೊಳ್ಳಿ" ಅಂದ್ಳು.

ಹೊರಗೆ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತೆ. ಬೆಳಕು ಬಂತು. ಆಗ ನೋಡಿದೆ, ನಮ್ಮ ಮನೆ ಮುಂದೆ ಒಂದು ತೋಟ ಇದೆ. ನೀನು ನಗಬಹುದು. ಗಣಿ ಇದ್ದಾಗ ಸೂರ್ಯ ಹುಟ್ಟೋಕೆ ಮುಂಚೆ ಗಣಿ ಲಿಫ್ಟಿನ ಕೇಜಿನಲ್ಲಿ ಕೆಳಗಿಳಿದು, ಮೇಲೆ ಬಂದ ಮೇಲೆ ಬಿದ್ಕೊಂಡು ನಿದ್ದೆ ಮಾಡ್ತಿದ್ದೆ. ಗಣಿ ಮುಚ್ಚಿದ ಮೇಲೆ ಕತ್ತಲಲ್ಲಿ ಮಾರಿಕುಪ್ಪಂ ಸ್ಟೇಷನ್, ಕತ್ತಲಲ್ಲಿ ಮನೆ. ಗೇಟಿನ ಹತ್ತಿರ ಕಾಲಿಗೆ ತೊಡರಿದ ಗಿಡಗಳನ್ನ ಬೈದಿದ್ದೆನೇ ಹೊರತು ಯಾವುದಕ್ಕೆ ಯಾವ ಬಣ್ಣದ ಹೂವು ಅಂತ ನೋಡಿರಲಿಲ್ಲ.

ಸ್ಟುಡಿಯೋ ಸೆಲ್ವರಾಜ್ ಅಂಗಡಿ ಮುಚ್ಚುತ್ತಾ ಇದಾನೆ. "ಈಗ ಎಲ್ಲಾರ ಕೈಲೂ ಫೋನೇ ಕಣಯ್ಯ ಕದಿರಪ್ಪ, ಇದನ್ನ ನೀನಾದ್ರೂ ಇಟ್ಕೋ" ಅಂತ ತನ್ನ ಹಳೇ ಕ್ಯಾಮೆರಾ ಕೊಟ್ಟ. ಅದರಲ್ಲಿ ತೆಗೆದ ಮೊದಲನೇ ಫೋಟೋ ಇದರ ಜೊತೆ ಇಟ್ಟಿದೀನಿ. ಕೆಂಪು ದಾಸವಾಳ. ಸ್ವಲ್ಪ ಅಲುಗಾಡಿದೆ.

ಇಲ್ಲಿ ಎಲ್ಲರೂ ಕ್ಷೇಮ.

ಅಪ್ಪ
ಕದಿರಪ್ಪ


ಕೊಂಗನಕೆರೆ ಕ್ಯಾಂಪ್, ಚಾಮರಾಜನಗರ ಜಿಲ್ಲೆ
21 ಜುಲೈ 2024

ತೀರ್ಥರೂಪು ಅಪ್ಪನವರಿಗೆ,

ನಿಮ್ಮ ಕಾಗದ ರೇಷನ್ ಜೀಪಿನಲ್ಲಿ ಬಂತು. ಎರಡು ವರ್ಷಗಳಲ್ಲಿ ನಿಮ್ಮಿಂದ ಬಂದ ಮೊದಲ ಕಾಗದ. ನೀವು ಕ್ಷೇಮವೆಂದು ತಿಳಿದು ಸಂತೋಷವಾಯಿತು. ನಾನೂ ಕ್ಷೇಮ.

ಫೋಟೋ ಅಲುಗಾಡಿರುವುದಷ್ಟೇ ಅಲ್ಲ, ನೆತ್ತಿಯ ಬಿಸಿಲಲ್ಲಿ ತೆಗೆದದ್ದರಿಂದ ಬಣ್ಣವೂ ಸುಟ್ಟಂತಾಗಿದೆ. ಬೆಳಿಗ್ಗೆ ಏಳರೊಳಗೆ ತೆಗೆಯಿರಿ. ಬಿಸಿಲು ಪಕ್ಕದಿಂದ ಬೀಳಲಿ. ಮೊಣಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಕೈ ನಡುಗುವುದಿಲ್ಲ. ಟ್ರೈನಿಂಗಿನಲ್ಲಿ ನಮಗೆ ಹೀಗೇ ಹೇಳಿಕೊಟ್ಟಿದ್ದು.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ,
ಕೆ. ಭಾನುಪ್ರಿಯ
ಗಸ್ತು ಅರಣ್ಯ ಪಾಲಕಿ


ಆಂಡರ್ಸನ್‌ಪೇಟೆ
15 ಸೆಪ್ಟೆಂಬರ್ 2024

ಭಾನು,

ನೀನು ಹೇಳಿದಂಗೆ ಮೊಣಕೈ ಒತ್ತಿ ಹಿಡಿದು ತೆಗೆದೆ. ನಾಲ್ಕು ಫೋಟೋ ಕಳಿಸ್ತಿದೀನಿ. ಗೌರಿ ಹಬ್ಬದ ಮಳೆಗೆ ಕರ್ಣಕುಂಡಲ ಒಂದು ಮೊಳ ಎತ್ತರ ಬಂದು ಮೈ ತುಂಬ ಹೂ ಬಿಟ್ಟಿದೆ, ಗುಲಾಬಿ ಬಣ್ಣ ಒಂದು ಸಾಲು, ಬಿಳೀದು ಒಂದು ಸಾಲು. ಪಾರಿಜಾತ ನೆಲದ ಮೇಲೆ ಬಿದ್ದಿರೋದನ್ನೇ ತೆಗೆದೆ. ಶಂಖಪುಷ್ಪ ಮಾತ್ರ ಮೂರು ದಿನ ಸತಾಯಿಸಿತು, ನೀಲಿ ಸರಿಯಾಗಿ ಬರೋದೇ ಇಲ್ಲ.

ಪ್ರತಿ ಫೋಟೋ ಹಿಂದೆ ಹೂವಿನ ಹೆಸರು, ಗಿಡ ನೆಟ್ಟ ವರ್ಷ ಬರೆಯೋಣ ಅಂತ ನಿಮ್ಮಮ್ಮನ್ನ ಕೂರಿಸಿಕೊಂಡು ಕೇಳ್ತಾ ಹೋದೆ. ಬಾಯಿಪಾಠ ಒಪ್ಪಿಸಿದಂಗೆ ಹೇಳಿದಳು. ಮಲ್ಲಿಗೆ ಬಳ್ಳಿ ಕಾಮಸಮುದ್ರದ ತವರಿಂದ ತಂದದ್ದು. ನೆಲದಲ್ಲಿ ಬರೀ ಗಣಿಯ ಬೂದು ಮಣ್ಣು ಅಂತ ಬೇತಮಂಗಲದ ಕೆರೆ ಮಣ್ಣನ್ನ ಬಸ್ಸಿನಲ್ಲಿ ಚೀಲ ಚೀಲ ಹೊತ್ತು ತಂದಳಂತೆ. ನಾನು ಅದ್ಯಾವುದನ್ನೂ ಕಂಡೋನಲ್ಲ. ಸಂಪಿಗೆ ಮರ ಯಾವಾಗ ಅಂತ ಕೇಳಿದಾಗ, "ಪೆರುಮಾಳಣ್ಣ ಓದ ಮಾರ್ನೇ ದಿನ" ಅಂದ್ಳು.

ಇದು ನಿನಗೆ ಗೊತ್ತಿಲ್ಲ. ನಾನು ಹೇಳಿಲ್ಲ. 1997, ನೀನಾಗ ಹೊಟ್ಟೆಯಲ್ಲಿದ್ದೆ. ಗಣಿಯೊಳಗೆ ರಾಕ್‌ಬರ್ಸ್ಟ್ ಆಯ್ತು, ಅಂದ್ರೆ ಆಳದಲ್ಲಿ ಬಂಡೆ ತಾನಾಗೇ ಸಿಡಿಯೋದು. ನಾನೂ ನನ್ನ ಜೊತೆ ಕೆಲಸ ಮಾಡ್ತಿದ್ದ ಪೆರುಮಾಳೂ ಒಂದೇ ಜಾಗದಲ್ಲಿದ್ವಿ. ನಾನು ನೀರು ಕುಡಿಯೋಕೆ ಅಂತ ಹತ್ತು ಹೆಜ್ಜೆ ಈಚೆ ಬಂದಿದ್ದೆ. ಅಷ್ಟೇ ವ್ಯತ್ಯಾಸ. ಒಂಬತ್ತು ಗಂಟೆ ಕಾಲ ಕತ್ತಲಲ್ಲಿ ಕೂತಿದ್ದೆ. ಮೇಲೆ ಸೈರನ್ ಆಗಿ, ನಿಮ್ಮಮ್ಮ ಆ ಒಂಬತ್ತು ಗಂಟೆ ಗಣಿಗೆ ಇಳಿಯೋ ಶಾಫ್ಟಿನ ಗೇಟಲ್ಲಿ ನಿಂತಿದ್ದಳು. ಮಾರನೇ ದಿನ ಪೆರುಮಾಳನ್ನ ಮಣ್ಣು ಮಾಡಿ ಬಂದು ನಾನು ಮಲಗಿದೆ. ಅವಳು ಸಂಪಿಗೆ ಸಸಿ ನೆಟ್ಟಳಂತೆ. ಆಮೇಲೆ ನಾಲ್ಕು ವರ್ಷ ನಾನು ಅದೇ ಕೇಜಿನಲ್ಲಿ ಇಳಿದೆ.

ಕಾಗದದ ಕೆಳಗೆ ನೀನು ಬರೆದ ಕೆಲಸದ ಹೆಸರು ಓದಿದೆ. ಅಕ್ಷರ ದುಂಡಗಿದೆ.

ಅಪ್ಪ


ಕೊಂಗನಕೆರೆ ಕ್ಯಾಂಪ್
20 ಅಕ್ಟೋಬರ್ 2024

ಅಪ್ಪಾ,

ನಾಲ್ಕೂ ಫೋಟೋಗಳನ್ನು ಕ್ಯಾಂಪಿನ ಗೋಡೆಗೆ ಅಂಟಿಸಿದ್ದೇನೆ. ನಮ್ಮ ವಾಚರ್ ಕೇತಣ್ಣ ಅಂತ, ಈ ಕಾಡಿನಲ್ಲೇ ಹುಟ್ಟಿ ಬೆಳೆದವನು. ಕರ್ಣಕುಂಡಲ ನೋಡಿ, "ಇದು ನಮ್ಮ ಹಳ್ಳದ ಪಕ್ಕಾನೂ ಐತೆ, ಆದ್ರೆ ಇಷ್ಟು ಕೊಬ್ಬಿಲ್ಲ. ಯಾರವ್ವ ಸಾಕ್ದೋರು?" ಎಂದು ಕೇಳಿದ. ನಮ್ಮಮ್ಮ ಅಂದೆ.

ಪೆರುಮಾಳ್ ಮಾಮನ ವಿಷಯ ಓದಿ ಕಾಗದ ಮಡಚಿಟ್ಟು ಗಸ್ತಿಗೆ ಹೋದೆ. ಬಂದು ಮತ್ತೆ ಓದಿದೆ. ಅಪ್ಪಾ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನಗೆ ಈ ಕೆಲಸ ಸಿಕ್ಕಿದ ದಿನ ನೀನು, "ಕಾಡಿಗೆ ಓದ್ರೆ ಈ ಮನೆ ಬಾಗ್ಲಿಗೆ ಬರಬ್ಯಾಡ" ಎಂದೆ. ಬಸ್ ಸ್ಟ್ಯಾಂಡಿಗೆ ಅಮ್ಮ ಒಬ್ಬಳೇ ಬಂದಿದ್ದಳು. ಕಳೆದ ವರ್ಷ ಎರಡು ದಿನ ರಜೆಯಲ್ಲಿ ಬಂದಾಗ ನೀನು ಡಬಲ್ ಡ್ಯೂಟಿ ಹಾಕಿಸಿಕೊಂಡು ಬೆಂಗಳೂರಲ್ಲೇ ಉಳಿದೆ. ನಿನಗೆ ಹೆಣ್ಣುಮಗಳು ಯೂನಿಫಾರಂ ಹಾಕುವುದು ಇಷ್ಟವಿಲ್ಲ, ಜನ ಏನೆಂದಾರು ಅನ್ನುವ ನಾಚಿಕೆ ಎಂದೇ ನಾನು ತಿಳಿದಿದ್ದೆ. ಈ ಒಂಬತ್ತು ಗಂಟೆಯ ಕಥೆಯನ್ನು ಅವತ್ತೇ ಯಾಕೆ ಹೇಳಲಿಲ್ಲ?

ಚಳಿಗಾಲದಲ್ಲಿ ಡಿಸೆಂಬರ್ ಹೂವಿನ ಫೋಟೋ ಕಳಿಸು. ಆ ನೇರಳೆ ಬಣ್ಣ ಇಲ್ಲಿ ಎಲ್ಲೂ ಕಂಡಿಲ್ಲ.

ಭಾನು


ಆಂಡರ್ಸನ್‌ಪೇಟೆ
12 ಜನವರಿ 2025

ಭಾನು,

ನೀನು ಕೇಳಿದ ಮಾತಿಗೆ ಉತ್ತರ ಬರೆಯೋಕೆ ನಾಲ್ಕು ಸಲ ಕೂತೆ. ಬರಲಿಲ್ಲ. ಡಿಸೆಂಬರ್ ಹೂವಿನ ಫೋಟೋ ಕಳಿಸ್ತಿದೀನಿ.

ಈ ಸಲ ಚಳಿ ಜಾಸ್ತಿ. ಬೆಳಿಗ್ಗೆ ಮಂಜು ಕವಿದು, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸೈನೈಡ್ ದಿಬ್ಬಗಳು ಕಾಣೋದೇ ಇಲ್ಲ. ಹೂವು ತೆಗೆಯೋಕೆ ಇದೇ ಒಳ್ಳೇ ಕಾಲ, ಎಂಟು ಗಂಟೆವರೆಗೂ ದಳದ ಮೇಲೆ ನೀರು ನಿಂತಿರುತ್ತೆ. ಗಾಳಿ ಎದ್ರೆ ಮಾತ್ರ ದಿಬ್ಬದ ಧೂಳು ಬಂದು ಎಲೆಗಳೆಲ್ಲ ಬೆಳ್ಳಗಾಗ್ತವೆ. ನಿಮ್ಮಮ್ಮ ಹಳೇ ಸೀರೆ ಚೂರು ಒದ್ದೆ ಮಾಡಿಕೊಂಡು ಸೇವಂತಿಗೆ ಗಿಡದ ಒಂದೊಂದೇ ಎಲೆ ಒರೆಸ್ತಾಳೆ. ಬೆಳಿಗ್ಗೆ ಎದ್ದು ಗಿಡದ ಮುಖ ತೊಳೆಸೋದನ್ನ ನಾನು ಬೇರೆಲ್ಲೂ ನೋಡಿಲ್ಲ. ನಿನ್ನೆಯಿಂದ ನಾನೂ ಒಂದು ಬಟ್ಟೆ ಹಿಡಿದಿದೀನಿ.

ಹಳದಿ ಸೇವಂತಿಗೆ ಫೋಟೋನ ಸೆಲ್ವರಾಜ್ ದೊಡ್ಡದು ಮಾಡಿ ಕೊಟ್ಟ. ಹೈಸ್ಕೂಲ್ ಹೆಡ್‌ಮಿಸ್ ಶಶಿರೇಖ ಮೇಡಂ ಅದನ್ನ ಅವನ ಹತ್ತಿರ ನೋಡಿ ಮನೆಗೇ ಬಂದ್ರು. ಎಲ್ಲಾ ಫೋಟೋ ನೋಡಿದ್ರು, ತೋಟದಲ್ಲೂ ಓಡಾಡಿದ್ರು. ಏನೋ ಹೇಳಿದ್ರು, ನನಗೆ ಕೇಳಿಸಲಿಲ್ಲ, ತಲೆ ಆಡಿಸಿದೆ.

ನೀನು ಕೊಟ್ಟ ಬುದ್ಧಿಯಿಂದಲೇ ಫೋಟೋ ಸುಧಾರಿಸಿದ್ದು ಅಂತ ಅವರಿಗೆ ಹೇಳಿದೆ.

ಅಪ್ಪ


ಆಂಡರ್ಸನ್‌ಪೇಟೆ
6 ಮಾರ್ಚ್ 2025

ಭಾನು,

ಟೀ ಅಂಗಡಿಯಲ್ಲಿ ಪೇಪರ್ ನೋಡಿದೆ. ನಿಮ್ಮ ಕಡೆ ಕಾಡಿಗೆ ಬೆಂಕಿ ಬಿದ್ದಿದೆ ಅಂತಿದೆ. ನೀನಿರೋ ಜಾಗವೋ ಬೇರೆಯೋ ಗೊತ್ತಾಗಲಿಲ್ಲ. ರೇಂಜ್ ಆಫೀಸಿಗೆ ನಿಮ್ಮಮ್ಮ ಫೋನ್ ಮಾಡಿದ್ಲು. ಎಲ್ಲಾರೂ ಬೆಂಕಿ ಆರಿಸೋಕೆ ಹೋಗಿದಾರೆ ಅಂದ್ರಂತೆ. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿಲ್ಲ.

ಒಂದೇ ಒಂದು ಸಾಲು ಬರಿ, ಸಾಕು.

ಅಪ್ಪ


ಆಂಡರ್ಸನ್‌ಪೇಟೆ
14 ಮಾರ್ಚ್ 2025

ಭಾನು,

ಇವತ್ತೂ ಪೋಸ್ಟ್‌ಮ್ಯಾನ್ ಬಂದು ಹೋದ. ನಿಮ್ಮಮ್ಮ ದಿನಾ ಅವನು ಬರೋ ಹೊತ್ತಿಗೆ ಗೇಟು ಹಿಡಿದು ನಿಲ್ತಾಳೆ. ಅವತ್ತು ಶಾಫ್ಟಿನ ಗೇಟಲ್ಲೂ ಹೀಗೇ ನಿಂತಿದ್ದಳಾ ಅಂತ ಕೇಳಿದೆ. ಹೂಂ ಅಂದ್ಳು. ಅವತ್ತು ನಾನು ಒಳಗಿದ್ದೆ, ಒಳಗಿರೋನ ಕಷ್ಟವೇ ದೊಡ್ಡದು ಅಂದ್ಕೊಂಡಿದ್ದೆ.

ಎಂಟು ದಿನದಿಂದ ಫೋಟೋ ತೆಗೆದಿಲ್ಲ. ನಿನಗೆ ಬರಬೇಡ ಅಂದಿದ್ದು ಯಾಕೆ ಅಂತ ಕೇಳಿದ್ದೆಯಲ್ಲ. ಇದಕ್ಕೇ. ಈ ಗೇಟಲ್ಲಿ ನಾನು ನಿಲ್ಲಬೇಕಾಗುತ್ತೆ ಅನ್ನೋ ಭಯಕ್ಕೇ.

ಅಪ್ಪ


ಕೊಂಗನಕೆರೆ ಕ್ಯಾಂಪ್
17 ಮಾರ್ಚ್ 2025

ಅಪ್ಪಾ, ಅಮ್ಮಾ,

ನಾನು ಚೆನ್ನಾಗಿದ್ದೇನೆ. ಮೊದಲು ಇದನ್ನು ಓದಿ ಆಮೇಲೆ ಉಳಿದದ್ದು ಓದಿ. ಎಡಗೈ ಮೇಲೆ ಅಂಗೈ ಅಗಲ ಸುಟ್ಟಿದೆ, ಮಾಯುತ್ತಿದೆ. ನಿಮ್ಮ ಎರಡೂ ಕಾಗದ ಇವತ್ತೇ ಒಟ್ಟಿಗೆ ಕೈಸೇರಿದವು.

ಬೆಂಕಿ ಬಿದ್ದದ್ದು ನಾವು ಗಸ್ತು ತಿರುಗುವ ಬೀಟಿಗೇ. ಈ ಸಲ ಲಂಟಾನ ಪೊದೆ ಪೂರ್ತಿ ಒಣಗಿ ನಿಂತಿತ್ತು. ನಾಲ್ಕು ದಿನ ಏಳು ಜನ ವಾಚರ್‌ಗಳನ್ನು ಕರೆದುಕೊಂಡು ಹಸಿರು ಕೊಂಬೆಗಳಿಂದ ಬಡಿದು ಬಡಿದು ಬೆಂಕಿ ಆರಿಸಿದೆವು. ಮೂರನೆಯ ದಿನ ಮಧ್ಯಾಹ್ನ ಗಾಳಿ ತಿರುಗಿತು. ಎರಡೂ ಕಡೆ ಬೆಂಕಿ. ಕೇತಣ್ಣ ಕಲ್ಲಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡಿದ್ದ. ಇಬ್ಬರು ಗುಡ್ಡದ ಮೇಲಿನ ಬಂಡೆಗೆ ಓಡೋಣ ಎಂದರು. "ಮೇಲೆ ಬೇಡ, ಬೆಂಕಿ ನಮಗಿಂತ ಬೇಗ ಗುಡ್ಡ ಹತ್ತುತ್ತೆ. ಕೆಳಗೆ ಹಳ್ಳಕ್ಕೆ ನಡೀರಿ" ಎಂದೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅಪ್ಪಾ. ಒಂದು ಗಳಿಗೆ ನನ್ನ ಮುಖ ನೋಡಿದರು, ಆಮೇಲೆ ನಡೆದರು. ಕೇತಣ್ಣನಿಗೆ ನಾನೊಂದು ಕಡೆ, ಇನ್ನೊಬ್ಬರೊಂದು ಕಡೆ ಹೆಗಲು ಕೊಟ್ಟೆವು. ಹಳ್ಳ ಬತ್ತಿ ಬರೀ ಮರಳು. ಬಾಟಲಿಯಲ್ಲಿದ್ದ ನೀರಿಗೆ ಟವಲು ಅದ್ದಿ ಮುಖಕ್ಕೆ ಹೊದ್ದು, ಮರಳಿನ ಮೇಲೆ ಬೋರಲು ಮಲಗಿದೆವು. ಮುಕ್ಕಾಲು ಗಂಟೆ ಎರಡು ದಡದ ಮೇಲೂ ಕಾಡು ಉರಿಯಿತು.

ಆ ಮುಕ್ಕಾಲು ಗಂಟೆ ನಾನು ನಿನ್ನನ್ನೇ ನೆನೆಯುತ್ತಿದ್ದೆ. ಅಪ್ಪ ಒಂಬತ್ತು ಗಂಟೆ ಕೂತಿದ್ದ, ನನ್ನದೇನು ಮಹಾ ಎಂದುಕೊಂಡೆ. ಹೊಗೆ ತಗ್ಗಿದ ಮೇಲೆ ಎದ್ದು ಎಣಿಸಿದೆ. ಏಳು ಜನವೂ ಇದ್ದರು.

ನಮ್ಮ ಮೇಲಧಿಕಾರಿ ಎ.ಸಿ.ಎಫ್. ಸಾಹೇಬರು ಬಂದು ಎಲ್ಲರ ಮುಂದೆ ನನ್ನ ಕೈ ಕುಲುಕಿದರು. ನನಗೆ ಅದಕ್ಕಿಂತ ಹೆಚ್ಚು ಕೇತಣ್ಣನ ಹೆಂಡತಿ ನಾಲ್ಕು ಮೈಲಿ ನಡೆದು ಬಂದು ಒಂದು ಸೋರೆಬುರುಡೆ ಜೇನು ಕೊಟ್ಟು ಹೋದದ್ದೇ ದೊಡ್ಡದಾಗಿ ಕಂಡಿತು.

ಅಮ್ಮಾ, ಇನ್ನು ಗೇಟು ಬಿಟ್ಟು ಒಳಗೆ ಹೋಗು. ಅಪ್ಪಾ, ಫೋಟೋ ತೆಗಿ. ಇಲ್ಲಿ ಸುತ್ತಲೂ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲ.

ಭಾನು


ಆಂಡರ್ಸನ್‌ಪೇಟೆ
18 ಮೇ 2025

ಭಾನು,

ಇದರ ಜೊತೆ ಹನ್ನೊಂದು ಫೋಟೋ ಇದೆ. ದುಂಡುಮಲ್ಲಿಗೆ ಮೂರು, ಸಂಪಿಗೆ ಎರಡು, ಉಳಿದದ್ದು ಮೇ ಹೂವು. ಚಳಿಗಾಲದಿಂದ ಮಣ್ಣೊಳಗೆ ಬರೀ ಗೆಡ್ಡೆಯಾಗಿ ಬಿದ್ದಿದ್ದು, ಎರಡು ಮಳೆ ಬಿದ್ದದ್ದೇ ತಡ, ಎಲೆಗಿಂತ ಮುಂಚೆ ಹೂವೇ ಎದ್ದು ಬಂತು, ಕೆಂಪು ಚೆಂಡಿನಂಗೆ. ನಿಮ್ಮ ಗೋಡೆಗೆ ಬಣ್ಣ ಬೇಕಿತ್ತಲ್ಲ.

ಕೈ ಮಾಯ್ದಿದ್ದನ್ನ ನಿಮ್ಮಮ್ಮ ರೇಂಜ್ ಆಫೀಸಿಗೆ ಫೋನ್ ಮಾಡಿ ಕೇಳಿಕೊಂಡು ಹೇಳಿದ್ಲು. ನಿನ್ನ ಬೆಂಕಿ ಕಾಗದ ನನ್ನ ಜೇಬಲ್ಲೇ ಇದೆ. ಮಡಚಿದ ಕಡೆ ಹರಿಯೋಕೆ ಶುರುವಾಗಿದೆ.

ಜೂನ್ ಐದಕ್ಕೆ ಪರಿಸರ ದಿನ ಅಂತೆ. ಶಶಿರೇಖ ಮೇಡಂ ಸ್ಕೂಲಲ್ಲಿ ನನ್ನ ಫೋಟೋಗಳನ್ನ ಹಾಕ್ತಾರಂತೆ. ಅವತ್ತು ಚಳಿಯಲ್ಲಿ ನಾನು ತಲೆ ಆಡಿಸಿದ್ದು ಇದಕ್ಕೇ ಒಪ್ಪಿಕೊಂಡಂಗಾಗಿದೆ. ನಾಲ್ಕು ಮಾತು ಆಡಬೇಕು ಅಂತ ಚೀಟಿಯಲ್ಲಿ ಬರೆದು ತೋರಿಸಿದ್ರು. ನನ್ನ ಕೈಲಾಗಲ್ಲ ಅಂದೆ.

ಅಪ್ಪ


ಆಂಡರ್ಸನ್‌ಪೇಟೆ
8 ಜೂನ್ 2025

ಭಾನು,

ನಾನು ನಿಮ್ಮಮ್ಮ. ಏಳನೇ ಕ್ಲಾಸ್ ಬಿಟ್ಮೇಲೆ ಇಷ್ಟುದ್ದ ಬರೀತಿರೋದು ಇದೇ ಮೊದ್ಲು. ಮಾತಾಡ್ದಂಗೇ ಬರೀತೀನಿ, ತಪ್ಪಿದ್ರೆ ನೀನೇ ಸರಿ ಮಾಡ್ಕೊಂಡು ಓದ್ಕೋ. ಇದ್ನ ನಿಮ್ಮಪ್ಪ ನಿಂಗೆ ಬರಿಯಲ್ಲ, ನಂಗೊತ್ತು. ಅದ್ಕೇ ನಾನು ಕೂತಿದೀನಿ.

ಇಸ್ಕೂಲ್ ಆಲ್‌ನಲ್ಲಿ ದಾರ ಕಟ್ಟಿ, ಬಟ್ಟೆ ಕ್ಲಿಪ್ಪಾಕಿ ನಲವತ್ಮೂರು ಫೋಟೋ ನೇತಾಕಿದ್ರು. ಜೂನಿಂದ ಮೇವರ್ಗೂ ಸಾಲಾಗಿ. ನಾನು ಒಂದೊಂದೇ ನೋಡ್ಕೊಂಡು ಓದೆ. ಪ್ರತಿ ಊವಿನ ಕೆಳ್ಗೂ ನಿಮ್ಮಪ್ಪನ ಕೈಬರ. ಊವಿನ ಎಸ್ರು, ತಿಂಗ್ಳು, ಅದ್ರ ಕೆಳ್ಗೆ "ನೆಟ್ಟು ಬೆಳೆಸಿದವರು ಇಂದ್ರಾಣಿ". ನಲವತ್ಮೂರ್ರಲ್ಲೂ. ನಂಗೊಂದು ಮಾತೂ ಏಳಿರ್ಲಿಲ್ಲ.

ಮೇಡಂ ಮೈಕ್ ತಂದು ಕೈಗೆ ಕೊಟ್ಬಿಟ್ರು. ನಿಮ್ಮಪ್ಪಂಗೆ ತನ್ನ ದನಿ ತನಗೇ ಕೇಳ್ಸಲ್ಲ, ಅದ್ರ ಮೇಲೆ ಮೈಕು. ಬಾಯ್ಬಿಟ್ಟಿದ್ದೇ ತಡ ರೋಡಲ್ಲಿ ಓಗ್ತಿದ್ದ ಆಟೋನೋರೂ ನಿಲ್ಸಿ ನೋಡಿದ್ರಂತೆ. ಏನಂದ್ರು ಅಂತ ಅಂಗಂಗೇ ಬರೀತೀನಿ ಕೇಳು.

"ನಾನು ಅದಿನಾರು ವರ್ಷ ಭೂಮಿ ಒಳ್ಗಿದ್ದೆ, ಇಪ್ಪತ್ಮೂರು ವರ್ಷ ರೈಲಲ್ಲಿದ್ದೆ. ಇದ್ರಲ್ಲಿ ಒಂದು ಗಿಡಾನೂ ನಾನು ನೆಟ್ಟಿಲ್ಲ. ನೆಟ್ಟೋಳು ಅಲ್ಲಿ ಕೂತವ್ಳೆ." ಎಲ್ಲಾರೂ ತಿರ್ಗಿ ನನ್ನ ನೋಡಿದ್ರು. ನಂಗೆ ತಲೆ ಎತ್ತಕ್ಕಾಗ್ಲಿಲ್ಲ, ಎಲ್ಲಾ ಸೇರಿ ಎಬ್ಬಿಸಿ ನಿಲ್ಸಿದ್ರು.

ಅಲ್ಲಿಗೆ ಮುಗೀತು ಅಂದ್ಕೊಂಡ್ರೆ ಇಲ್ಲ. "ನಂಗೊಬ್ಳು ಮಗ್ಳು ಅವ್ಳೆ, ಭಾನುಪ್ರಿಯ ಅಂತ. ಕಾಡು ಕಾಯ್ತಾಳೆ. ಓಗ್ಬ್ಯಾಡ ಅಂತ ನಾನಂದೆ, ಓದ್ರೆ ಬಾಗ್ಲಿಗೆ ಬರ್ಬ್ಯಾಡ ಅಂದೆ. ಅದು ತಪ್ಪು. ಮಾರ್ಚಲ್ಲಿ ಕಾಡು ಉರೀವಾಗ ಏಳು ಜನಾನ ಕರ್ಕೊಂಡೋಗಿ ಏಳು ಜನಾನೂ ಕರ್ಕೊಂಡ್ಬಂದ್ಲು. ನಮ್ ಗಣೀಲಿ ಕೆಲ್ಸ ಮಾಡ್ದೋರು ಇಲ್ಲಿ ಬೇಕಾದಷ್ಟು ಜನ ಇದೀರ, ಎಲ್ಲಾರ್ನೂ ವಾಪಸ್ ಕರ್ಕೊಂಡು ಬರೋದು ಅಂದ್ರೆ ಏನು ಅಂತ ನಿಮ್ಗೆ ಗೊತ್ತು. ಅಂಥೋಳು ಪಕ್ಕದಲ್ಲಿದ್ರೆ ನಾನು ನಾಳೇನೇ ಮತ್ತೆ ಕೇಜ್ ಅತ್ತೀನಿ."

ಅಷ್ಟಂದು ಮೈಕನ್ನ ಮೇಜಿನ ಮೇಲಿಟ್ಟು ಬಂದು ನನ್ನ ಪಕ್ಕ ಕೂತ್ರು. ಇಂದ್ಗಡೆ ಕೂತಿದ್ದ ಅಳೇ ಗಣಿ ಕೆಲ್ಸದೋರು ಎದ್ದು ನಿಂತಿದ್ರು, ಅದ್ನ ನಿಮ್ಮಪ್ಪ ನೋಡ್ಲೇ ಇಲ್ಲ. "ಸರೀಗೇಳಿದ್ನಾ? ಜನಕ್ಕೆ ಕೇಳ್ಸ್ತಾ?" ಅಂತ ನನ್ನ ಕೇಳಿದ್ರು. ಕೇಳ್ಸ್ತು ಅಂದೆ.

ನಿಮ್ಮಮ್ಮ
ಇಂದ್ರಾಣಿ


ಕೊಂಗನಕೆರೆ ಕ್ಯಾಂಪ್
22 ಜೂನ್ 2025

ಅಪ್ಪಾ,

ಜುಲೈ ಹನ್ನೆರಡರಿಂದ ಆರು ದಿನ ರಜೆ ಸಿಕ್ಕಿದೆ. ಮನೆಗೆ ಬರುತ್ತಿದ್ದೇನೆ.

ಅಮ್ಮನ ಕಾಗದ ಬಂತು. ಅವಳಿಗೆ ಬೇರೆ ಬರೆಯುತ್ತೇನೆ.

ಭಾನು


ಆಂಡರ್ಸನ್‌ಪೇಟೆ
29 ಜೂನ್ 2025

ಭಾನು,

ನಿಮ್ಮಮ್ಮ ನಿನಗೆ ಏನು ಬರೆದಳೋ ನನಗೆ ತೋರಿಸ್ತಿಲ್ಲ. ನಾಲ್ಕು ಹಾಳೆ ಬರೆದಳು ಅಂತ ಮಾತ್ರ ಗೊತ್ತು. ಏನಾದ್ರೂ ನನ್ನ ಮೇಲೆ ದೂರು ಬರೆದಿದ್ರೆ ಅರ್ಧ ಮಾತ್ರ ನಂಬು.

ಹನ್ನೆರಡನೇ ತಾರೀಖು ನೀನು ಬೆಂಗಳೂರಿಗೆ ಬಂದು ಇಳಿಯೋ ಹೊತ್ತಿಗೆ ನಾನೇ ಅಲ್ಲಿಗೆ ಬರ್ತೀನಿ. ಬಸ್ಸು ಬೇಡ. ಸಂಜೆ ನಾನು ವಾಪಸ್ ಬರ್ತಿದ್ದ ಗಾಡಿಯಲ್ಲೇ ಬರೋಣ. ಹಿಂದಿನಿಂದ ಮೂರನೇ ಬೋಗಿ. ಅದರಲ್ಲಿ ನಮ್ಮವರು ಇನ್ನೂ ಇಪ್ಪತ್ತು ಇಪ್ಪತ್ತೈದು ಜನ ದಿನಾ ಓಡಾಡ್ತಾರೆ. ಮಗಳು ಏನು ಮಾಡ್ತಿದಾಳೆ ಅಂತ ಅವರು ಕೇಳಿದಾಗೆಲ್ಲ ನಾನು ಎರಡು ವರ್ಷ ಮಾತು ತಿರುಗಿಸಿದೀನಿ. ಬಂಗಾರಪೇಟೆಯಲ್ಲಿ ಗಾಡಿ ಸುಮಾರು ಹೊತ್ತು ನಿಲ್ಲುತ್ತೆ, ಅಲ್ಲಿ ಒಬ್ಬೊಬ್ಬರಿಗೂ ನಿನ್ನನ್ನ ತೋರಿಸಬೇಕು. ನೀನು ಸ್ವಲ್ಪ ಜೋರಾಗಿ ಮಾತಾಡಬೇಕಾಗುತ್ತೆ, ಅವರಲ್ಲೂ ಅರ್ಧ ಜನಕ್ಕೆ ಕಿವಿ ಇಲ್ಲ.

ಇನ್ನೊಂದು ಮಾತು. ನಾನು ಆ ಗಾಡಿಯಲ್ಲಿ ಇಪ್ಪತ್ಮೂರು ವರ್ಷ ಓಡಾಡಿದ್ರೂ ಒಂದು ದಿನ ಸೆಕ್ಯುರಿಟಿ ಯೂನಿಫಾರಂ ಹಾಕ್ಕೊಂಡು ಊರಿಗೆ ಬಂದಿಲ್ಲ. ಗಣಿಯಲ್ಲಿದ್ದೋನು ಯಾರದೋ ಗೇಟು ಕಾಯ್ತಾನೆ ಅಂತ ಜನಕ್ಕೆ ಕಾಣಬಾರದು ಅಂತ, ದಿನಾ ಮಡಚಿ ಬ್ಯಾಗಲ್ಲಿಟ್ಟು ಬರ್ತಿದ್ದೆ. ನೀನು ಹಂಗೆ ಮಾಡಬೇಡ. ಬರೋವಾಗ ಯೂನಿಫಾರಂನಲ್ಲೇ ಬಾ.

ಅಪ್ಪ